ಕಂಚಿನ ಮುಖದ ಮೇಲೆ ಬೆಳಕಿನ ನಡಿಗೆ

1933ರ ಸೆಪ್ಟೆಂಬರ್‌ನಲ್ಲಿ ಆಲ್ಬರ್ಟ್ ಐನ್‌ಸ್ಟೀನ್ ಇಂಗ್ಲೆಂಡಿನ ನಾರ್ಫೋಕ್ ಕರಾವಳಿಯ ಕ್ರೋಮರ್ ಪಟ್ಟಣದ ಸಮೀಪ, ಕುರುಚಲು ಬಯಲಿನ ನಡುವಿನ ಒಂದು ಮರದ ಮನೆಯಲ್ಲಿ ಅಡಗಿದ್ದರು. ಹಿಟ್ಲರ್ ಅಧಿಕಾರಕ್ಕೆ ಬಂದು ಏಳೆಂಟು ತಿಂಗಳಾಗಿತ್ತು. ಜರ್ಮನಿಗೆ ಮರಳುವ ದಾರಿ ಮುಚ್ಚಿತ್ತು, ಬೆಲ್ಜಿಯಂನಲ್ಲಿದ್ದ ಆಶ್ರಯವೂ ಸುರಕ್ಷಿತವಾಗಿ ಉಳಿದಿರಲಿಲ್ಲ. ಐನ್‌ಸ್ಟೀನ್ ಅವರನ್ನು ಬ್ರಿಟಿಷ್ ಸಂಸದ ಆಲಿವರ್ ಲಾಕರ್-ಲ್ಯಾಂಪ್ಸನ್ ಅಲ್ಲಿ ಬಂದೂಕುಧಾರಿಗಳ ಕಾವಲಿನಲ್ಲಿ ಇರಿಸಿದ್ದರು. ಆ ಮನೆಗೆ ಶಿಲ್ಪಿ ಜೇಕಬ್ ಎಪ್‌ಸ್ಟೀನ್ ಬಂದರು. ಸಿಕ್ಕಿದ್ದು ಸುಮಾರು ಒಂದು ವಾರ, ಪ್ರತಿ ಬೆಳಿಗ್ಗೆ ಎರಡು ಗಂಟೆ. ಅಕ್ಟೋಬರ್ 7ರಂದು ಐನ್‌ಸ್ಟೀನ್ ಅಮೆರಿಕದ ಹಡಗು ಹತ್ತಿದರು. ಮತ್ತೆಂದೂ ಯುರೋಪಿಗೆ ಕಾಲಿಡಲಿಲ್ಲ. ಆ ವಾರದಲ್ಲಿ ಜೇಡಿಮಣ್ಣಿನಲ್ಲಿ ಮೂಡಿದ ತಲೆಯ ಕಂಚಿನ ಎರಕಗಳು ಇಂದು ಲಂಡನ್ನಿನ ಟೇಟ್ ಕಲಾ ಸಂಗ್ರಹಾಲಯ ಸೇರಿದಂತೆ ಹಲವು ಸಂಗ್ರಹಗಳಲ್ಲಿವೆ.

ಈ ಪ್ರತಿಮೆಯನ್ನು ದೂರದಿಂದ ಕಂಡವರಿಗೆ ಅದು ಯಾರೆಂದು ತಕ್ಷಣ ತಿಳಿಯುತ್ತದೆ. ಹಾರುವ ಕೂದಲು, ಗೆರೆಗಟ್ಟಿದ ಹಣೆ, ಆಳಕ್ಕಿಳಿದ ಕಣ್ಣು, ಮೀಸೆಯ ಕೆಳಗೆ ಅರ್ಧ ಅಡಗಿದ ನಗು. ಹತ್ತಿರ ಹೋದಂತೆ ಮುಖ ಕರಗಿ, ಉತ್ತು ಬಿಟ್ಟ ಹೊಲದಂಥ ಉಬ್ಬುತಗ್ಗುಗಳು ಮಾತ್ರ ಉಳಿಯುತ್ತವೆ. ಎಲ್ಲೂ ನಯವಾದ ಚರ್ಮವಿಲ್ಲ. ಬೆರಳಿನಿಂದ ಒತ್ತಿದ ಮಣ್ಣಿನ ಉಂಡೆಗಳು ಒತ್ತಿದ ಹಾಗೆಯೇ ಲೋಹವಾಗಿವೆ. ಇದನ್ನು ನೋಡಿದ ಅನೇಕರಿಗೆ, ಸಮಯ ಸಾಲದೆ ಶಿಲ್ಪಿ ಕೆಲಸವನ್ನು ಅರ್ಧಕ್ಕೆ ಬಿಟ್ಟಿರಬೇಕು ಎನಿಸುತ್ತದೆ. ಸಮಯ ಇನ್ನಷ್ಟು ಬೇಕಿತ್ತು ಎಂದು ಎಪ್‌ಸ್ಟೀನ್ ಅವರಿಗೂ ಅನಿಸಿತ್ತು. ಆದರೆ ಮೈ ಒರಟಾಗಿರುವುದಕ್ಕೆ ಆತುರ ಕಾರಣವಲ್ಲ. 1924ರಲ್ಲಿ ಅವರು ಕಾದಂಬರಿಕಾರ ಜೋಸೆಫ್ ಕಾನ್ರಾಡ್ ಅವರ ಮನೆಯಲ್ಲಿ ಸುಮಾರು ಮೂರು ವಾರ ಕುಳಿತು ಅವರ ಪ್ರತಿಮೆ ಮಾಡಿದ್ದರು. 1926ರಲ್ಲಿ ರವೀಂದ್ರನಾಥ ಠಾಕೂರರ ಪ್ರತಿಮೆ ಮಾಡಿದರು. ಅವೂ ಒರಟಾಗಿಯೇ ಇವೆ. ಎಪ್‌ಸ್ಟೀನ್ ಅದನ್ನು ಬೇಕೆಂದೇ ಉಳಿಸಿಕೊಳ್ಳುತ್ತಿದ್ದರು. ಏಕೆ ಎಂಬುದು ಅರ್ಥವಾದರೆ ಕಂಚಿನ ಯಾವ ಮುಖವನ್ನಾದರೂ ನೋಡುವ ಬಗೆ ತಿಳಿಯುತ್ತದೆ.

ಮೊದಲು ಬೆಳಕಿನ ವಿಷಯ. ಅಮೃತಶಿಲೆಯ ಮೇಲೆ ಬಿದ್ದ ಬೆಳಕು ಕಲ್ಲಿನೊಳಕ್ಕೆ ಸ್ವಲ್ಪ ಇಳಿದು, ಅಲ್ಲಿ ಚದುರಿ, ಮೃದುವಾಗಿ ಹೊರಬರುತ್ತದೆ. ಹಾಗಾಗಿ ಕಲ್ಲಿನ ಕೆನ್ನೆಯಲ್ಲಿ ಬೆಳಕಿನಿಂದ ನೆರಳಿಗೆ ಹೋಗುವ ದಾರಿ ನಿಧಾನವಾಗಿರುತ್ತದೆ, ಆ ಇಳಿಜಾರನ್ನು ಹಿಡಿದು ಕಣ್ಣು ಕೆನ್ನೆಯ ದುಂಡನ್ನು ಅಳೆಯುತ್ತದೆ. ಕಂಚಿನಲ್ಲಿ ಹೀಗಾಗುವುದಿಲ್ಲ. ಲೋಹದೊಳಕ್ಕೆ ಬೆಳಕು ಇಳಿಯುವುದಿಲ್ಲ, ಮೇಲಿನಿಂದಲೇ ಹಿಂದಿರುಗುತ್ತದೆ. ಕಂಚಿನ ಬಣ್ಣವೂ ಗಾಢ. ಆದ್ದರಿಂದ ನಮಗೆ ಕಾಣುವುದು ಹೆಚ್ಚಾಗಿ ಮಿಂಚುಗಳು: ಮೂಗಿನ ತುದಿಯಲ್ಲಿ ಒಂದು, ಹಣೆಯ ಮೂಲೆಯಲ್ಲಿ ಒಂದು, ಉಳಿದದ್ದೆಲ್ಲ ಕತ್ತಲು. ನಾವು ಒಂದು ಹೆಜ್ಜೆ ಸರಿದರೆ ಮಿಂಚೂ ಸರಿಯುತ್ತದೆ. ಕಂಚಿನ ತಲೆಯನ್ನು ಕನ್ನಡಿಯಂತೆ ಹೊಳಪು ಮಾಡಿಟ್ಟರೆ ಅದರಲ್ಲಿ ಕಿಟಕಿ, ದೀಪ, ನೋಡುವವನ ಅಂಗಿ ಎಲ್ಲವೂ ಕಾಣುತ್ತವೆ, ತಲೆಯ ಆಕಾರ ಮಾತ್ರ ಸರಿಯಾಗಿ ಕಾಣುವುದಿಲ್ಲ.

ಆ ಒಂದೇ ದೊಡ್ಡ ಮಿಂಚನ್ನು ನೂರು ಸಣ್ಣ ಮಿಂಚುಗಳಾಗಿ ಒಡೆದರೆ ಏನಾಗುತ್ತದೆ ಎಂಬುದೇ ಎಪ್‌ಸ್ಟೀನ್ ಅವರ ಕೆಲಸದ ತಿರುಳು. ಒತ್ತಿದ ಪ್ರತಿಯೊಂದು ಮಣ್ಣಿನ ತುಣುಕಿಗೂ ಒಂದು ಬೆನ್ನಿದೆ, ಒಂದು ಅಂಚಿದೆ, ಪಕ್ಕದಲ್ಲಿ ಒಂದು ಹಳ್ಳವಿದೆ. ಬೆನ್ನು ಬೆಳಕನ್ನು ಹಿಡಿಯುತ್ತದೆ, ಹಳ್ಳ ನೆರಳನ್ನು ಹಿಡಿಯುತ್ತದೆ. ಕೆನ್ನೆ ಬೆಳಕಿನತ್ತ ಮುಖ ಮಾಡಿರುವ ಕಡೆ ಹೊಳೆಯುವ ಬೆನ್ನುಗಳು ಹೆಚ್ಚು, ಹಳ್ಳಗಳ ಕಪ್ಪು ಕಡಿಮೆ. ಕೆನ್ನೆ ದವಡೆಯ ಕಡೆಗೆ ತಿರುಗಿದಂತೆ ಬೆನ್ನುಗಳು ಕಡಿಮೆಯಾಗಿ ಹಳ್ಳಗಳ ಕಪ್ಪು ಹೆಚ್ಚುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿದಾಗ ಕಣ್ಣು ಈ ಚುಕ್ಕೆಗಳನ್ನು ಒಟ್ಟುಗೂಡಿಸಿ, ಅಮೃತಶಿಲೆಯಲ್ಲಿ ತಾನಾಗಿ ದೊರೆಯುವ ನಿಧಾನದ ಇಳಿಜಾರನ್ನು ಕಂಚಿನಲ್ಲಿಯೂ ಕಟ್ಟಿಕೊಳ್ಳುತ್ತದೆ. ಅಂದರೆ ಮೈವಳಿಕೆ (ಮೇಲ್ಮೈಯ ಒರಟು, ನಯದ ಗುಣ) ಇಲ್ಲಿ ಆಕಾರದ ಮೇಲೆ ಹೊದಿಸಿದ ಅಲಂಕಾರವಲ್ಲ. ಅದು ಚಿಕ್ಕ ಅಳತೆಯಲ್ಲಿ ಮಾಡಿದ ಆಕಾರವೇ. ದೊಡ್ಡ ಆಕಾರ ಕಣ್ಣಿಗೆ ನಿಲುಕಬೇಕಾದರೆ ಈ ಚಿಕ್ಕ ಆಕಾರಗಳು ಬೇಕು.

ಇದರಿಂದ ಒಂದು ಒಳ್ಳೆಯ ಪರೀಕ್ಷೆ ಸಿಗುತ್ತದೆ. ಒರಟಾದ ಪ್ರತಿಮೆಯ ಮುಂದೆ ನಿಂತು ಹತ್ತು ಹನ್ನೆರಡು ಅಡಿ ಹಿಂದೆ ಸರಿಯಿರಿ, ಕಣ್ಣನ್ನು ಅರ್ಧ ಮುಚ್ಚಿ. ಸಣ್ಣ ಗುರುತುಗಳು ಮಸುಕಾದಾಗ ತಲೆಬುರುಡೆಯ ದುಂಡು, ಹುಬ್ಬಿನ ದಿಣ್ಣೆ, ಕಣ್ಣಿನ ಗುಳಿ, ಕೆನ್ನೆಯೆಲುಬು, ದವಡೆಯ ತಿರುವು ಇವೆಲ್ಲ ಗಟ್ಟಿಯಾಗಿ ನಿಂತರೆ ಆ ಒರಟುತನ ತನ್ನ ಕೆಲಸ ಮಾಡುತ್ತಿದೆ. ಬದಲಾಗಿ ಎಲ್ಲವೂ ಒಂದೇ ಬಗೆಯ ಗೊಜಲಾಗಿ ಕಂಡರೆ, ಒರಟುತನವನ್ನು ಶೈಲಿಯೆಂದು ಮೇಲಿಂದ ಮೆತ್ತಲಾಗಿದೆ ಎಂದು ತಿಳಿಯಿರಿ. ನನ್ನ ಮಟ್ಟಿಗೆ ಐನ್‌ಸ್ಟೀನ್ ಪ್ರತಿಮೆಯ ದೊಡ್ಡತನ ಇರುವುದು ಇಲ್ಲಿ. ಇಷ್ಟು ಕದಡಿದ ಮೇಲ್ಮೈಯ ಅಡಿಯಲ್ಲಿ ಎಲುಬು ಎಲ್ಲಿದೆ ಎಂಬ ಬಗ್ಗೆ ಒಂದಿಷ್ಟೂ ಗೊಂದಲವಿಲ್ಲ. ಹಣೆ ಮುಂದಕ್ಕೆ ಬಂದು ಹುಬ್ಬಿನಲ್ಲಿ ಮುರಿಯುವ ಜಾಗ ನಿಖರವಾಗಿದೆ. ಆ ಅಂಚಿನ ಕೆಳಗೆ ಬೀಳುವ ನೆರಳಿನಲ್ಲಿ ಕಣ್ಣುಗಳು ಕುಳಿತಿವೆ.

ಮಣ್ಣಿನ ಕೆಲಸದ ಸ್ವಭಾವವೂ ಇದಕ್ಕೆ ನೆರವಾಗುತ್ತದೆ. ಕಲ್ಲಿನಲ್ಲಿ ಶಿಲ್ಪಿ ಬೇಡದ್ದನ್ನು ತೆಗೆಯುತ್ತ ಒಳಕ್ಕೆ ಹೋಗುತ್ತಾನೆ. ಮಣ್ಣಿನಲ್ಲಿ ಬೇಕಾದದ್ದನ್ನು ಸೇರಿಸುತ್ತ ಹೊರಕ್ಕೆ ಬರುತ್ತಾನೆ. ಎಪ್‌ಸ್ಟೀನ್ ಎರಡನ್ನೂ ಬಲ್ಲವರು. ಪ್ಯಾರಿಸ್ಸಿನ ಪೇರ್ ಲಾಶೇಸ್ ಸ್ಮಶಾನದಲ್ಲಿರುವ ಆಸ್ಕರ್ ವೈಲ್ಡ್ ಸಮಾಧಿಯ ಕಲ್ಲಿನ ಕೆತ್ತನೆ ಅವರದೇ. ಅಲ್ಲಿ ರೂಪಗಳು ಸರಳ, ಅಂಚುಗಳು ಬಿಗಿ. ಜೀವಂತ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡಾಗ ಅವರು ಹಿಡಿದದ್ದು ಮಣ್ಣನ್ನು. ಕುಳಿತವನು ಮಾತನಾಡುತ್ತಾನೆ, ನಗುತ್ತಾನೆ, ಕತ್ತು ತಿರುಗಿಸುತ್ತಾನೆ; ಮಣ್ಣಿನ ಒಂದು ತುಣುಕನ್ನು ಇಟ್ಟು, ನೋಡಿ, ಸರಿಯಿಲ್ಲವೆಂದರೆ ಅದರ ಮೇಲೆ ಇನ್ನೊಂದನ್ನು ಇಡಬಹುದು. ಪ್ರತಿಯೊಂದು ತುಣುಕೂ ಒಂದು ನೋಟದ ಗುರುತು. ಅವನ್ನು ಕೊನೆಗೆ ತೇಯ್ದು ನಯ ಮಾಡಿದರೆ ಆ ನೋಟಗಳೆಲ್ಲ ಅಳಿಸಿಹೋಗುತ್ತವೆ.

ನಾರ್ಫೋಕ್‌ನ ಆ ಕೋಣೆಯ ಬಗ್ಗೆ ಎಪ್‌ಸ್ಟೀನ್ ಬರೆದಿಟ್ಟಿರುವ ಕೆಲವು ಸಂಗತಿಗಳು ಈ ನೋಟಕ್ಕೆ ಸಂಬಂಧಿಸಿದವೇ. ಕೋಣೆ ಚಿಕ್ಕದು, ಒಂದು ಪಿಯಾನೊ ಬೇರೆ ಜಾಗ ಹಿಡಿದಿತ್ತು. ಮೊದಲ ದಿನ ಐನ್‌ಸ್ಟೀನ್ ಅವರ ಪೈಪಿನ ಹೊಗೆ ಎಷ್ಟು ತುಂಬಿಕೊಂಡಿತೆಂದರೆ ಶಿಲ್ಪಿಗೆ ಮುಖವೇ ಕಾಣಲಿಲ್ಲ. ಮರುದಿನ, ದಯವಿಟ್ಟು ವಿರಾಮದಲ್ಲಿ ಸೇದಿ ಎಂದು ಕೇಳಿಕೊಳ್ಳಬೇಕಾಯಿತು. ಬೆಳಕು ಸಾಲದೆಂದು ಬಾಗಿಲನ್ನೇ ಕಳಚಿಸಿದಾಗ, ಮುಂದೆ ಚಾವಣಿಯನ್ನೂ ತೆಗೆಯಬೇಕೇ ಎಂದು ಅಲ್ಲಿದ್ದ ಹುಡುಗಿಯರು ಕೇಳಿದರಂತೆ. ಶಿಲ್ಪಿಗೆ ಬೆಳಕು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನೇರ ಎದುರಿನಿಂದ ಬರುವ ಬೆಳಕು ಉಬ್ಬುತಗ್ಗುಗಳನ್ನು ಚಪ್ಪಟೆ ಮಾಡಿಬಿಡುತ್ತದೆ. ಒಂದು ಬದಿಯಿಂದ ಬಂದ ಬೆಳಕಿನಲ್ಲಿ ಮಾತ್ರ ಕೆನ್ನೆಯ ಯಾವ ಭಾಗ ಎತ್ತ ತಿರುಗಿದೆ ಎಂಬುದು ತಿಳಿಯುತ್ತದೆ.

ಅವರು ಇನ್ನೊಂದು ಮಾತನ್ನೂ ದಾಖಲಿಸಿದ್ದಾರೆ: ಐನ್‌ಸ್ಟೀನ್ ಮುಖ ತಮಗೆ ಮುಪ್ಪಿನ ರೆಂಬ್ರಾಂಟ್‌ನನ್ನು ನೆನಪಿಸಿತು ಎಂದು. ಇದು ಮುಖದ ಹೋಲಿಕೆಯ ಮಾತು, ನಿಜ. ಆದರೆ ಆ ಡಚ್ ಚಿತ್ರಕಾರ ಮುಪ್ಪಿನಲ್ಲಿ ಬರೆದ ತನ್ನ ಮುಖಚಿತ್ರಗಳನ್ನು ನೆನೆದುಕೊಂಡರೆ ಇನ್ನೂ ಒಂದು ನಂಟು ಕಾಣುತ್ತದೆ. ಬೆಳಕು ಬಿದ್ದ ಹಣೆ, ಮೂಗಿನ ಮೇಲೆ ಬಣ್ಣ ದಪ್ಪವಾಗಿ, ಗಡ್ಡೆಗಟ್ಟಿದಂತೆ ಎದ್ದಿರುತ್ತದೆ. ನೆರಳಿನ ಕಡೆ ತೆಳುವಾಗಿರುತ್ತದೆ. ಕ್ಯಾನ್ವಾಸಿನ ಮೇಲೆ ಬಣ್ಣದ ದಪ್ಪ ಮಾಡುವ ಕೆಲಸವನ್ನೇ ಎಪ್‌ಸ್ಟೀನ್ ಮಣ್ಣಿನ ಉಂಡೆಗಳಿಂದ ಮಾಡಿಸಿದರು ಎಂದು ನನಗೆ ಅನಿಸುತ್ತದೆ.

ಕೂದಲನ್ನು ನೋಡಿ. ಕೂದಲು ಶಿಲ್ಪಿಗೆ ಯಾವಾಗಲೂ ಕಷ್ಟ, ಏಕೆಂದರೆ ಅದಕ್ಕೆ ಗಟ್ಟಿಯಾದ ಆಕಾರವೇ ಇಲ್ಲ. ಎಳೆ ಎಳೆಯಾಗಿ ಗೀರುವವರು ಸಾಮಾನ್ಯವಾಗಿ ಟೊಪ್ಪಿಗೆ ತೊಡಿಸಿದಂತೆ ಮಾಡಿಬಿಡುತ್ತಾರೆ. ಎಪ್‌ಸ್ಟೀನ್ ಎಳೆಗಳನ್ನು ಮರೆತು, ಕೂದಲು ತಲೆಯಿಂದ ಯಾವ ದಿಕ್ಕಿಗೆ ಎಷ್ಟು ದೂರ ಚಿಮ್ಮುತ್ತದೆ ಎಂಬುದನ್ನು ಮಾತ್ರ ಮಣ್ಣಿನ ಮುದ್ದೆಗಳಲ್ಲಿ ಹಿಡಿದರು. ಮುಂದಿನಿಂದ ನೋಡಿದಾಗ ತಲೆಯ ಹೊರಗೆರೆ ಎಲ್ಲಿಯೂ ಮುಚ್ಚಿಕೊಳ್ಳದೆ ಗಾಳಿಗೆ ತೆರೆದುಕೊಂಡಂತಿರುವುದು ಇದರಿಂದ. ಇಲ್ಲಿ ಕಂಚು ಕೊಡುವ ಸ್ವಾತಂತ್ರ್ಯವೂ ದೊಡ್ಡದು. ಚಾಚಿಕೊಂಡ ತೆಳುವಾದ ಭಾಗ ಕಲ್ಲಿನಲ್ಲಿ ಸಣ್ಣ ಪೆಟ್ಟಿಗೂ ಮುರಿದು ಬೀಳಬಹುದು. ಕಂಚು ಒಳಗಿನಿಂದ ಬಿಗಿಯಾಗಿ ಹಿಡಿದುಕೊಳ್ಳುವ ಲೋಹ. ಚಾಚಿದ್ದನ್ನು ಚಾಚಿದಂತೆಯೇ ನಿಲ್ಲಿಸುತ್ತದೆ.

ಕಣ್ಣಿನ ಸಮಸ್ಯೆ ಬೇರೆಯೇ. ಕಣ್ಣು ದುಂಡಗಿನ ಗುಡ್ಡೆ. ಅದರ ಪಾಪೆ ತಿಳಿಯುವುದು ಬಣ್ಣದಿಂದ, ಉಬ್ಬಿನಿಂದಲ್ಲ. ಬಣ್ಣವಿಲ್ಲದ ಮಾಧ್ಯಮದಲ್ಲಿ ಬಣ್ಣವನ್ನು ಸೂಚಿಸಬೇಕಾದರೆ ನೆರಳನ್ನು ಕರೆತರಬೇಕು. ಹದಿನೆಂಟನೆಯ ಶತಮಾನದ ಫ್ರೆಂಚ್ ಶಿಲ್ಪಿ ಊದಾನ್ ಇದಕ್ಕೆ ಅದ್ಭುತವಾದ ಉಪಾಯ ಕಂಡುಕೊಂಡಿದ್ದ: ಪಾಪೆಯ ಜಾಗವನ್ನು ಆಳವಾಗಿ ಕೊರೆದು, ಮೇಲಿನ ಅಂಚಿನಲ್ಲಿ ಒಂದು ಪುಟ್ಟ ತುಣುಕನ್ನು ಮಾತ್ರ ಹಾಗೇ ಉಳಿಸುತ್ತಿದ್ದ. ಕೊರೆದ ಗುಂಡಿ ಕಪ್ಪಾಗಿ ಕಾಣುತ್ತದೆ, ಉಳಿದ ತುಣುಕು ಬೆಳಕನ್ನು ಹಿಡಿದು ಒದ್ದೆ ಕಣ್ಣಿನ ಹೊಳಪಾಗುತ್ತದೆ. ವಾಸ್ತವದಲ್ಲಿ ಕಣ್ಣು ಹೊರಗೆ ಉಬ್ಬಿರುವ ಕಡೆಯೇ ಶಿಲ್ಪಿ ಗುಂಡಿ ತೋಡುತ್ತಾನೆ, ನಮ್ಮ ಕಣ್ಣು ಅದನ್ನು ಜೀವಂತ ನೋಟವೆಂದು ನಂಬುತ್ತದೆ. ಐನ್‌ಸ್ಟೀನ್ ಪ್ರತಿಮೆಯಲ್ಲಿ ಈ ಕೆಲಸದ ಬಹುಪಾಲನ್ನು ಹುಬ್ಬಿನ ನೆರಳು ಮತ್ತು ಕಣ್ಣಿನ ಸುತ್ತಲಿನ ಸುಕ್ಕುಗಳು ಹೊತ್ತುಕೊಂಡಿವೆ. ಆ ನೋಟದಲ್ಲಿ ಮಾನವೀಯತೆ, ತಮಾಷೆ, ಆಳ ಮೂರೂ ಬೆರೆತಿದ್ದವು ಎಂದು ಎಪ್‌ಸ್ಟೀನ್ ಬರೆದರು. ಆ ಬೆರಕೆಯನ್ನು ಒಂದೇ ಕ್ಷಣದಲ್ಲಿ ತೋರಿಸಲು ಆಗುವುದಿಲ್ಲ. ಪ್ರತಿಮೆಯ ಸುತ್ತ ನಡೆಯುವವನಿಗೆ ಅದು ಒಂದಾದ ಮೇಲೊಂದರಂತೆ ದೊರೆಯುತ್ತದೆ.

ಈಗ ಒಂದು ಸಹಜವಾದ ಪ್ರಶ್ನೆ. ಹಸಿ ಮಣ್ಣಿನ ಮೇಲಿನ ಬೆರಳಿನ ಒತ್ತು ಗಟ್ಟಿ ಲೋಹಕ್ಕೆ ಹೇಗೆ ದಾಟಿತು? ಇಂಥ ಪ್ರತಿಮೆಗಳಿಗೆ ಬಳಸುವ ಪ್ರಸಿದ್ಧ ವಿಧಾನ ಮೇಣ ಕರಗಿಸಿ ಎರಕ ಹೊಯ್ಯುವುದು. ಮಣ್ಣಿನ ತಲೆಯ ಮೇಲೆ ಪ್ಲಾಸ್ಟರ್ ಬಳಿದು ಅಚ್ಚು ತೆಗೆಯುತ್ತಾರೆ. ಬಿಡಿಸುವಾಗ ಮೂಲ ಮಣ್ಣು ಸಾಮಾನ್ಯವಾಗಿ ಹಾಳಾಗುತ್ತದೆ. ಅಚ್ಚಿನಿಂದ ಪ್ಲಾಸ್ಟರಿನ ಪ್ರತಿ, ಅದರಿಂದ ಮತ್ತೊಂದು ಅಚ್ಚು, ಆ ಅಚ್ಚಿನ ಒಳಗೋಡೆಗೆ ಕೆಲವೇ ಮಿಲಿಮೀಟರ್ ದಪ್ಪದ ಮೇಣ. ಮೇಣದ ಒಳಗಿನ ಟೊಳ್ಳನ್ನು ಬೆಂಕಿ ತಡೆಯುವ ಮಿಶ್ರಣದಿಂದ ತುಂಬಿ, ಲೋಹ ಹರಿದುಬರಲು, ಗಾಳಿ ಹೊರಹೋಗಲು ಮೇಣದ ಕಡ್ಡಿಗಳನ್ನು ಜೋಡಿಸಿ, ಹೊರಗೂ ಅದೇ ಮಿಶ್ರಣದ ಹೊದಿಕೆ ಹಾಕಿ ಸುಡುತ್ತಾರೆ. ಮೇಣ ಕರಗಿ ಹೋದ ಜಾಗಕ್ಕೆ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಕಾದ ಕಂಚು ಇಳಿಯುತ್ತದೆ. ಆರಿದ ಮೇಲೆ ಹೊದಿಕೆ ಒಡೆದರೆ ಒಳಗೆ ಟೊಳ್ಳಾದ ಕಂಚಿನ ತಲೆ. ಲೋಹ ಆರುವಾಗ ನೂರಕ್ಕೆ ಒಂದೂವರೆ ಎರಡು ಭಾಗದಷ್ಟು ಕುಗ್ಗುವುದರಿಂದ ಅದು ಮಣ್ಣಿನ ತಲೆಗಿಂತ ತುಸು ಚಿಕ್ಕದು.

ಇದರ ಮೂಲತತ್ವ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮೇಣದ ಮೂರ್ತಿಯಿಂದ ಲೋಹದ ಮೂರ್ತಿ ಎರಕ ಹೊಯ್ಯುವ ಕ್ರಮದ ವಿವರಣೆಯಿದೆ. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಮಣ್ಣಿನ ಲೇಪದ ಮಾತು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಸ್ವಲ್ಪ ಉಪ್ಪು ಬೆರೆಸಿ ಕಲ್ಲಿನ ಮೇಲೆ ನುಣ್ಣಗೆ ಅರೆದ ಮಣ್ಣನ್ನು ಮೇಣಕ್ಕೆ ಮೂರು ಬಾರಿ ಬಳಿಯಬೇಕು, ಮೊದಲ ಲೇಪ ತೀರ ತೆಳುವಾಗಿರಬೇಕು, ನೆರಳಿನಲ್ಲಿ ಒಣಗಬೇಕು, ಕೊನೆಯದು ದಪ್ಪ. ಕಾರಣ ಸ್ಪಷ್ಟ. ಮೇಣದ ಮೇಲಿನ ಅತಿ ಸಣ್ಣ ಗೀರನ್ನೂ ಹಿಡಿದಿಡುವುದು ಆ ಮೊದಲ ತೆಳು ಲೇಪವೇ. ಹೊರಗಿನ ದಪ್ಪ ಲೇಪ ಲೋಹದ ಭಾರವನ್ನು ತಡೆಯುವುದಕ್ಕೆ. ಇಂದಿನ ಎರಕದ ಮನೆಗಳೂ ಮೊದಲ ಪದರಕ್ಕೆ ಅತ್ಯಂತ ನಯವಾದ ಮಿಶ್ರಣವನ್ನೇ ಬಳಸುತ್ತವೆ. ಮೈವಳಿಕೆ ಉಳಿಯುವುದೋ ಅಳಿಯುವುದೋ ಎಂಬುದು ಆ ಒಂದು ಪದರದಲ್ಲಿ ತೀರ್ಮಾನವಾಗುತ್ತದೆ.

ಒಂದು ವ್ಯತ್ಯಾಸವಿದೆ. ನಮ್ಮ ಸಾಂಪ್ರದಾಯಿಕ ಮೂರ್ತಿಗಳಲ್ಲಿ ಶಿಲ್ಪಿ ಮೇಣದಲ್ಲೇ ರೂಪ ಮಾಡುತ್ತಾನೆ. ಮೇಣ ಕರಗಿದರೆ ಮೂಲವೂ ಹೋಯಿತು, ಆದ್ದರಿಂದ ಮೂರ್ತಿ ಒಂದೇ. ಅಲ್ಲದೆ ಎರಕದ ನಂತರ ಉಳಿ, ಚಾಣ, ಅರಗಳಿಂದ ಮೂರ್ತಿಯನ್ನು ಮತ್ತೆ ತಿದ್ದಿ ಆಭರಣ, ಬೆರಳು, ಕಣ್ಣಿನ ಗೆರೆಗಳನ್ನು ಚುರುಕುಗೊಳಿಸುತ್ತಾರೆ. ಕೊನೆಯ ರೂಪ ಅರ್ಧ ಎರಕದ್ದು, ಅರ್ಧ ಚಾಣದ್ದು. ಪ್ಲಾಸ್ಟರಿನ ಅಚ್ಚಿನ ದಾರಿಯಲ್ಲಿ ಒಂದೇ ತಲೆಯ ಹಲವು ಎರಕಗಳು ಸಾಧ್ಯ. ಅಲ್ಲಿ ಎರಕದ ಮನೆಯ ಕುಶಲಕರ್ಮಿ ತಿದ್ದುವಾಗ ಬಹಳ ಎಚ್ಚರದಿಂದಿರಬೇಕು. ಲೋಹ ಹರಿದ ಕಡ್ಡಿಗಳ ಬುಡವನ್ನು ಕತ್ತರಿಸಿದ ಜಾಗದಲ್ಲಿ ಸುತ್ತಲಿನ ಒರಟಿಗೆ ಹೊಂದುವಂತೆ ಹೊಸ ಒರಟನ್ನು ಹುಟ್ಟಿಸಬೇಕು. ಅರದಿಂದ ಒಂದು ಬಾರಿ ಹೆಚ್ಚಾಗಿ ಉಜ್ಜಿದರೆ ಶಿಲ್ಪಿಯ ಬೆರಳು ಅಲ್ಲಿಂದ ಮಾಯವಾಗುತ್ತದೆ.

ಹೊಸ ಕಂಚು ಹೊಂಬಣ್ಣದ್ದು. ನಾವು ಕಾಣುವ ಕಂದು, ಕಪ್ಪು, ಹಸಿರು ಎಲ್ಲವೂ ಆಮೇಲೆ ಬಂದದ್ದು. ಲೋಹವನ್ನು ಕಾಯಿಸಿ ಗಂಧಕದ ಸಂಯುಕ್ತ ಬಳಿದರೆ ಕಂದು ಕಪ್ಪು, ಕಬ್ಬಿಣದ ನೈಟ್ರೇಟಿನಿಂದ ಕೆಂಗಂದು, ತಾಮ್ರದ ನೈಟ್ರೇಟಿನಿಂದ ಹಸಿರು; ಮೇಲೆ ಮೇಣದ ತೆಳು ಲೇಪ. ಇದು ಕೇವಲ ಬಣ್ಣದ ವಿಷಯವೆಂದು ತಿಳಿಯಬೇಡಿ. ಬಣ್ಣ ಹಾಕಿದ ಮೇಲೆ ಉಬ್ಬುಗಳನ್ನು ಮಾತ್ರ ತಿಕ್ಕಿದರೆ ಅಲ್ಲಿ ಹೊಂಬಣ್ಣ ಇಣುಕುತ್ತದೆ, ಹಳ್ಳಗಳಲ್ಲಿ ಕಪ್ಪು ಉಳಿಯುತ್ತದೆ. ಆಗ ಮಂದ ಬೆಳಕಿನಲ್ಲಿಯೂ ಆಕಾರ ಎದ್ದು ಕಾಣುತ್ತದೆ. ಒಂದೇ ಅಚ್ಚಿನ ಎರಡು ಎರಕಗಳು, ಒಂದು ಹಸಿರಾಗಿ ಮತ್ತೊಂದು ಗಾಢ ಕಂದಾಗಿ, ಬೇರೆ ಬೇರೆ ಸ್ವಭಾವದ ವ್ಯಕ್ತಿಗಳಂತೆ ತೋರುವುದೂ ಇದರಿಂದಲೇ. ತೆರೆದ ಬಯಲಿನಲ್ಲಿ ಮಳೆ ಈ ಕೆಲಸವನ್ನು ತನ್ನದೇ ರೀತಿಯಲ್ಲಿ ಮುಂದುವರಿಸುತ್ತದೆ. ನೀರು ಹರಿದ ದಾರಿಯಲ್ಲಿ ತಿಳಿ ಹಸಿರಿನ ಪಟ್ಟೆ ಬಿದ್ದು, ಶಿಲ್ಪಿ ಇಡದ ಗೆರೆಗಳು ಕೆನ್ನೆಯ ಮೇಲೆ ಮೂಡುತ್ತವೆ.

ಮೈವಳಿಕೆ ಎಂದರೆ ಒರಟುತನವೇ ಆಗಬೇಕಿಲ್ಲ. ನೈಜೀರಿಯಾದ ಇಫೆಯಲ್ಲಿ 1938ರಲ್ಲಿ ಮನೆ ಕಟ್ಟಲು ನೆಲ ಅಗೆಯುವಾಗ ದೊರೆತ, ಹಲವು ಶತಮಾನಗಳಷ್ಟು ಹಳೆಯ ಲೋಹದ ತಲೆಗಳನ್ನು ನೋಡಬೇಕು. ಅವುಗಳಲ್ಲಿ ಕೆಲವದರ ಮುಖದ ತುಂಬ ಹಣೆಯಿಂದ ಗಲ್ಲದವರೆಗೆ ಸಣ್ಣ ಸಮಾನಾಂತರ ಗೆರೆಗಳಿವೆ. ಆ ಗೆರೆಗಳ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ; ಅವು ಕಣ್ಣಿಗೆ ಮಾಡುವ ಕೆಲಸದ ಬಗ್ಗೆ ಅನುಮಾನವಿಲ್ಲ. ಪ್ರತಿ ಗೆರೆಯೂ ಕೆನ್ನೆಯ ಉಬ್ಬಿನಲ್ಲಿ ಬಾಗುತ್ತದೆ, ಕಣ್ಣಿನ ಕೆಳಗಿನ ತಗ್ಗಿನಲ್ಲಿ ಇಳಿಯುತ್ತದೆ. ಗೆರೆಯನ್ನು ಹಿಂಬಾಲಿಸಿದ ಕಣ್ಣು ಇಡೀ ಮುಖದ ಏರಿಳಿತವನ್ನು ಮುಟ್ಟಿದಂತೆ ಅರಿಯುತ್ತದೆ. ಎಪ್‌ಸ್ಟೀನ್ ಕದಡಿ ಮಾಡಿದ್ದನ್ನು ಇಫೆಯ ಶಿಲ್ಪಿ ಪರಮ ಶಾಂತಿಯಿಂದ ಮಾಡಿದ್ದಾನೆ.

ನಮ್ಮ ಊರುಗಳ ವೃತ್ತ, ಉದ್ಯಾನ, ಕಾಲೇಜುಗಳ ಅಂಗಳಗಳಲ್ಲಿರುವ ಪ್ರತಿಮೆಗಳಿಗೆ ಜಯಂತಿ ಬಂದಾಗಲೆಲ್ಲ ಚಿನ್ನದ ಬಣ್ಣವನ್ನೋ ಕಪ್ಪು ಬಣ್ಣವನ್ನೋ ಬಳಿಯುವ ರೂಢಿ ಹಲವೆಡೆ ಇದೆ. ಅದರ ಹಿಂದಿನ ಗೌರವ ನಿಜವಾದದ್ದು. ಆದರೆ ಬಣ್ಣದ ಪದರ ಮೊದಲು ತುಂಬುವುದು ಹಳ್ಳಗಳನ್ನು. ಕಣ್ಣಿನ ಅಂಚಿನ ಸಣ್ಣ ಸೀಳು, ತುಟಿಗಳ ನಡುವಿನ ಗೆರೆ, ಹುಬ್ಬಿನ ಕೆಳಗಿನ ಚಾಣದ ಗುರುತು ಒಂದೊಂದಾಗಿ ಮುಚ್ಚಿ, ನೆರಳು ನಿಲ್ಲಲು ಜಾಗವಿಲ್ಲದಂತಾಗುತ್ತದೆ. ನಾಲ್ಕಾರು ಪದರಗಳ ನಂತರ ಎಲ್ಲ ಮುಖಗಳೂ ಒಂದೇ ಮುಖವಾಗುತ್ತವೆ. ಕಂಚಿಗೆ ಬೇಕಾದದ್ದು ಶುದ್ಧ ನೀರಿನಲ್ಲಿ ಮೃದುವಾಗಿ ತೊಳೆದು, ಚೆನ್ನಾಗಿ ಒಣಗಿಸಿ, ತೆಳುವಾಗಿ ಮೇಣ ಬಳಿಯುವ ಆರೈಕೆ. ಹುಣಸೆಹಣ್ಣು ಹಾಕಿ ತಿಕ್ಕುವುದೂ ಬೇಡ. ಹುಳಿ ಹಸಿರಿನ ಜೊತೆಗೆ ಶಿಲ್ಪಿ ಬೇಕೆಂದೇ ಕೊಟ್ಟ ಬಣ್ಣವನ್ನೂ ಕರಗಿಸುತ್ತದೆ.

ಬಣ್ಣ ಬಳಿಯದ ಕಂಚಿನ ಪ್ರತಿಮೆಯೊಂದು ನಿಮ್ಮ ಊರಿನಲ್ಲಿದ್ದರೆ ಸಂಜೆ ಕತ್ತಲಾದ ಮೇಲೆ ಒಂದು ಟಾರ್ಚ್ ತೆಗೆದುಕೊಂಡು ಹೋಗಿ. ಮೊದಲು ಬೆಳಕನ್ನು ಮುಖದ ನೇರಕ್ಕೆ ಹಿಡಿಯಿರಿ. ಗುರುತಿನ ಚೀಟಿಯ ಫೋಟೊದಷ್ಟೇ ಕಾಣುತ್ತದೆ. ಆಮೇಲೆ ಟಾರ್ಚನ್ನು ಕಿವಿಯ ಪಕ್ಕಕ್ಕೆ ತಂದು, ಬೆಳಕು ಕೆನ್ನೆಯನ್ನು ಸವರಿಕೊಂಡು ಹೋಗುವಂತೆ ಓರೆಯಾಗಿ ಹಿಡಿಯಿರಿ. ಶಿಲ್ಪಿಯ ಬೆರಳು ಎತ್ತ ಕಡೆಯಿಂದ ಎತ್ತ ಹೋಯಿತು, ಎಲ್ಲಿ ತಡೆಯಿತು, ಅಚ್ಚಿನ ತುಂಡುಗಳು ಕೂಡಿದ ಗೆರೆಯನ್ನು ಎರಕದವನು ಎಲ್ಲಿ ಮರೆಮಾಡಿದ, ಎಲ್ಲಿ ಮರೆಮಾಡಲಾಗಲಿಲ್ಲ ಎಂಬುದು ತಿಳಿಯುತ್ತದೆ. ಟಾರ್ಚನ್ನು ಗಲ್ಲದ ಕೆಳಗೂ ತಲೆಯ ಹಿಂದೂ ಒಯ್ಯಿರಿ. ಎಷ್ಟೋ ಪ್ರತಿಮೆಗಳ ಹಿಂಭಾಗದಲ್ಲಿ ಯಾರೂ ನೋಡುವುದಿಲ್ಲವೆಂದು ಕೆಲಸ ಸಡಿಲವಾಗಿರುತ್ತದೆ. ಮುಂದೆ ಗಟ್ಟಿಯಾಗಿ ಕಂಡ ಹಣೆ ಹಿಂದಿನ ತಲೆಬುರುಡೆಯೊಂದಿಗೆ ಕೂಡಿಕೊಂಡು ಒಂದೇ ಗುಂಡಾಗಿ ನಿಲ್ಲುತ್ತದೆಯೇ ಎಂದು ನೋಡಿ. ಒಳ್ಳೆಯ ಶಿಲ್ಪಿಯ ಕೆಲಸದಲ್ಲಿ ಮುಖ ಕಾಣದ ಕಡೆಯಿಂದಲೂ ಅದು ಯಾರ ತಲೆ ಎಂದು ಹೇಳಬಹುದು.